ಕೆ-ಪಾಪ್‌ಗಿಂತ ಮುಂಚಿನ ಕಿಮ್

ಮಾನ್ಯರೇ,

ಕೊರಿಯಾದವರ ಸಂಗೀತ ಎಂದರೆ ನಮ್ಮ ಪತ್ರಿಕೆಗಳಿಗೆ ಕೆ-ಪಾಪ್ ಒಂದೇ. ಸಂಗೀತ ಸಂಯೋಜಕ ಅರ್ಲ್ ಕಿಮ್ ಹೆಸರು ಕಂಡ ನೆನಪಿಲ್ಲ. 1920ರಲ್ಲಿ ಕ್ಯಾಲಿಫೋರ್ನಿಯಾದ ಡಿನೂಬಾ ಎಂಬ ಪುಟ್ಟ ಊರಿನಲ್ಲಿ, ಕೊರಿಯಾದಿಂದ ವಲಸೆ ಬಂದವರ ಮನೆಯಲ್ಲಿ ಹುಟ್ಟಿದವರು. ಹೆಸರಾಂತ ಸಂಯೋಜಕ ಷೋನ್‌ಬರ್ಗ್ ಬಳಿ ಪಾಠ. ಮಹಾಯುದ್ಧದಲ್ಲಿ ಅಮೆರಿಕ ಸೇನೆಯ ಗುಪ್ತಚರ ವಿಭಾಗದಲ್ಲಿದ್ದರು. ಬಾಂಬು ಬಿದ್ದ ಬೆನ್ನಲ್ಲೇ ನಾಗಸಾಕಿಯನ್ನು ವಿಮಾನದಿಂದ ಕಂಡರು. ಮುಂದೆ ಅಣ್ವಸ್ತ್ರದ ವಿರುದ್ಧ ಸಂಗೀತಗಾರರನ್ನು ಒಟ್ಟುಗೂಡಿಸಿದ್ದು ಸುಮ್ಮನೆ ಅಲ್ಲ. ಪ್ರಿನ್ಸ್‌ಟನ್, ಆಮೇಲೆ ಹಾರ್ವರ್ಡ್‌ನಲ್ಲಿ ಮೇಷ್ಟ್ರು. ಅಮೆರಿಕದ ಸಂಯೋಜಕ ಜಾನ್ ಆಡಮ್ಸ್ ಇವರ ಶಿಷ್ಯರಲ್ಲೊಬ್ಬರು. ಬರೆದದ್ದು ಕಡಿಮೆ. ಅದರಲ್ಲೂ ಸ್ವರಕ್ಕಿಂತ ಮೌನವೇ ಹೆಚ್ಚೇನೋ ಅನ್ನಿಸುತ್ತದೆ (ನನ್ನ ಮಗ ಸ್ಪೀಕರ್ ಕೆಟ್ಟಿದೆ ಅಂದುಕೊಂಡ!). ವಯಲಿನ್ ವಾದಕ ಇಟ್ಜಾಕ್ ಪರ್ಲ್‌ಮನ್‌ಗಾಗಿ 1979ರಲ್ಲಿ ಬರೆದ ವಯಲಿನ್ ಕಾನ್ಚೆರ್ಟೊದಿಂದ (ವಾದ್ಯವೃಂದದ ಜೊತೆ ಒಂಟಿ ವಯಲಿನ್ ನುಡಿಸುವ ಕೃತಿ) ಶುರುಮಾಡಬಹುದು. ಭಾನುವಾರದ ಪುರವಣಿಯಲ್ಲಿ ಇಂಥವರಿಗೂ ಅರ್ಧ ಪುಟ ಕೊಡಿ.

– ಒಬ್ಬ ಓದುಗ, ಮೈಸೂರು