ದೇವರ ದೀಪದ ಪಕ್ಕ ಬ್ಯಾಟರಿ ಬೇಡ

ಮಾನ್ಯರೇ,

ಮಳೆಗಾಲದಲ್ಲಿ ಕರೆಂಟು ಕೈಕೊಡುವ ನಮ್ಮ ಸಾಗರದ ಕಡೆ ಇನ್ವರ್ಟರ್ ಇಲ್ಲದ ಮನೆ ಅಪರೂಪ. ರಿಪೇರಿಗೆ ಹೋದಲ್ಲೆಲ್ಲ ನೋಡುತ್ತೇನೆ: ಮೆಟ್ಟಿಲ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಬ್ಯಾಟರಿ, ಪಕ್ಕದಲ್ಲೇ ದೇವರ ದೀಪ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಗಾಳಿಯಲ್ಲಿ ಶೇ 4ರಷ್ಟು ಸೇರಿದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ದಯವಿಟ್ಟು ಗಾಳಿಯಾಡುವ ಜಾಗಕ್ಕೆ ಸರಿಸಿ. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರ್‌ವೆಲ್ ನೀರಿನ ಲವಣ ಪ್ಲೇಟುಗಳನ್ನು ಹಾಳುಮಾಡುತ್ತದೆ. ಆ್ಯಸಿಡ್ ಅಂತೂ ಸುರಿಯಲೇಬೇಡಿ. ವೈರ್ ಜೋಡಿಸುವ ಟರ್ಮಿನಲ್ ಮೇಲೆ ಕಟ್ಟುವ ಬಿಳಿ ಪುಡಿಯನ್ನು, ಇನ್ವರ್ಟರ್ ಆಫ್ ಮಾಡಿ, ನೀರು ಹಾಕುವ ತೂತುಗಳ ಮುಚ್ಚಳಗಳನ್ನು ಬಿಗಿಮಾಡಿಕೊಂಡು, ಅಡುಗೆ ಸೋಡಾ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ವ್ಯಾಸಲಿನ್ ಸವರಿ. ಅಂಗಡಿಯವರು ಬ್ಯಾಟರಿ ಕೂರಿಸುವ ದಿನವೇ ಇದನ್ನೆಲ್ಲ ಮನೆಯವರಿಗೆ ತೋರಿಸಿಕೊಡಬೇಕು.

– ಬ್ಯಾಟರಿ ಮೆಕ್ಯಾನಿಕ್, ಸಾಗರ