799 ರೂಪಾಯಿಯ ಮೋಸ: ತುಮಕೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ತಿಪಟೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಆನ್‌ಲೈನ್ ಮೋಸದ ಬಗ್ಗೆ ಅಂಗಡಿಯವನೇ ಬರೆದರೆ, ವ್ಯಾಪಾರ ಹೋಯ್ತು ಅಂತ ಇವನಿಗೆ ಹೊಟ್ಟೆಯುರಿ ಅಂತ ನಾಲ್ಕು ಜನ ಅಂದೇ ಅಂತಾರೆ. ಅನ್ನಲಿ. ನಾನೂ ಡಿಸ್‌ಪ್ಲೇ, ಬ್ಯಾಟರಿ, ಸ್ಕ್ರೂಡ್ರೈವರ್ ಎಲ್ಲ ತರಿಸೋದು ಆನ್‌ಲೈನ್‌ನಲ್ಲೇ. ಅದರ ಮೇಲೆ ನನಗೆ ತಕರಾರಿಲ್ಲ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಜಾಹೀರಾತಿನಲ್ಲಿ ಹುಟ್ಟಿ, ಸ್ವಲ್ಪ ದಿನ ಮಾರಿ, ಹೆಸರು ಬದಲಿಸಿಕೊಂಡು ಮತ್ತೆ ಹುಟ್ಟುವ ಅಂಗಡಿಗಳಿವೆಯಲ್ಲ, ತಕರಾರು ಅವುಗಳ ಮೇಲೆ.

ಅವರ ಮಾಲು ಕೊನೆಗೆ ಬಂದು ಬೀಳುವುದು ನಮ್ಮಂಥವರ ಟೇಬಲ್ ಮೇಲೆ. 'ಅಣ್ಣ, ಹೊಸದು, ಚಾರ್ಜೇ ನಿಲ್ತಿಲ್ಲ' ಅಂತ ತಂದು ಕೊಡುತ್ತಾರೆ. ಮೇಲೆ 50,000 ಎಂಎಎಚ್ ಪವರ್ ಬ್ಯಾಂಕ್ ಅಂತ ದೊಡ್ಡದಾಗಿ ಅಚ್ಚಾಗಿರುತ್ತದೆ. ಎಂಎಎಚ್ ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಬಿಚ್ಚುವುದೇ ಬೇಡ, ಕೈಗೆ ತಗೊಂಡರೆ ಗೊತ್ತಾಗುತ್ತದೆ. ಇಂಥದ್ದರೊಳಗೆ ಸಾಮಾನ್ಯವಾಗಿ ಹಾಕುವ ದುಂಡನೆಯ ಸೆಲ್‌ಗೆ 18650 ಅಂತ ಹೆಸರು. ಒಳ್ಳೆಯ ಸೆಲ್ ಆದರೆ ಒಂದರಲ್ಲಿ 3,500 ಎಂಎಎಚ್ ಹತ್ತಿರ ಹಿಡಿಯುತ್ತದೆ, ತೂಕ ಸುಮಾರು 45 ಗ್ರಾಂ. 50,000 ಆಗಬೇಕಾದರೆ ಹದಿನೈದು ಸೆಲ್ ಬೇಕು. ಬರೀ ಸೆಲ್‌ಗಳೇ 650 ಗ್ರಾಂ ದಾಟುತ್ತವೆ. ಇವರದ್ದು ಶರ್ಟ್ ಜೇಬಿನಲ್ಲಿ ಹಗುರವಾಗಿ ಕೂರುತ್ತದೆ! ಕೆಲವು ಕಿಲಾಡಿಗಳು ತೂಕ ಬರಲಿ ಅಂತ ಒಳಗೆ ಮರಳು ತುಂಬಿರುತ್ತಾರೆ. ಅಷ್ಟಾದರೂ ಶ್ರಮ ಪಟ್ಟರಲ್ಲ ಅನ್ನಿಸುತ್ತದೆ.

ಪೆನ್‌ಡ್ರೈವ್‌ನದು ಇದಕ್ಕಿಂತ ಕೆಟ್ಟ ಮೋಸ. 2 ಟಿಬಿ, ಅಂದರೆ ಸುಮಾರು 2,000 ಜಿಬಿ ಜಾಗ ಅಂತ ಕೆಲವೇ ನೂರು ರೂಪಾಯಿಗೆ ಮಾರುತ್ತಾರೆ. ಕಂಪ್ಯೂಟರ್‌ಗೆ ಹಾಕಿದರೆ 2 ಟಿಬಿ ಅಂತಲೇ ತೋರಿಸುತ್ತದೆ, ಯಾಕೆಂದರೆ ಒಳಗಿನ ಚಿಪ್‌ಗೆ ಸುಳ್ಳು ಲೆಕ್ಕ ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ 16 ಜಿಬಿಯೋ 32 ಜಿಬಿಯೋ ಇರುತ್ತದೆ. ಅದು ತುಂಬಿದ ಮೇಲೂ ಫೈಲ್‌ಗಳು ಒಳಗೆ ಹೋದಂತೆ ಕಾಣುತ್ತವೆ. ಹೆಸರು ಕಾಣುತ್ತದೆ, ತೆರೆಯೋದಿಲ್ಲ. ಮದುವೆ ವಿಡಿಯೋ, ಮಗುವಿನ ಫೋಟೋ ಎಲ್ಲ ಅದಕ್ಕೆ ಹಾಕಿ, ಫೋನ್‌ನಲ್ಲಿದ್ದದ್ದನ್ನು ಅಳಿಸಿ ಬಂದವರಿಗೆ ನಾನು ಏನು ಹೇಳಲಿ? ಎಚ್‌2ಟೆಸ್ಟ್‌ಡಬ್ಲ್ಯೂ (H2testw) ಅಂತ ಒಂದು ಉಚಿತ ತಂತ್ರಾಂಶ ಇದೆ. ಡ್ರೈವ್ ಪೂರ್ತಿ ಬರೆದು, ಮತ್ತೆ ಓದಿ, ನಿಜವಾದ ಜಾಗ ಎಷ್ಟು ಅಂತ ಹೇಳುತ್ತದೆ. ಹೊಸ ಡ್ರೈವ್ ತಂದವರೆಲ್ಲ ಮೊದಲು ಅದನ್ನು ಓಡಿಸಬೇಕು.

ಕಾಲೇಜು ಮಕ್ಕಳಿಗೆ ಲ್ಯಾಪ್‌ಟಾಪ್ ಗಾಳ. 'ಐ7, ಬರೀ 15 ಸಾವಿರ!' ಐ7 ಅನ್ನುವುದು ಇಂಟೆಲ್ ಪ್ರೊಸೆಸರ್‌ನ, ಅಂದರೆ ಲ್ಯಾಪ್‌ಟಾಪ್‌ನ ಮುಖ್ಯ ಚಿಪ್‌ನ ಹೆಸರು, 2008ರಿಂದ ಇದೆ ಸ್ವಾಮಿ. ಆ ಹೆಸರಿನ ಮುಂದಿನ ನಂಬರ್ ನೋಡಬೇಕು. ನಾಲ್ಕಂಕಿ ಇದ್ದು 4ರಿಂದ ಶುರುವಾದರೆ ಅದು ನಾಲ್ಕನೇ ತಲೆಮಾರಿನದು, 2013ರ ಕಾಲದ್ದು. ಬೆರಳೆಣಿಕೆಯವು ಬಿಟ್ಟರೆ, ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೇ ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಹಳೆಯದನ್ನು ಹಳೆಯದು ಅಂತ ಹೇಳಿ ಮಾರಿದರೆ ತಪ್ಪಿಲ್ಲ. ಇವರು ಆ ನಂಬರನ್ನೇ ಮುಚ್ಚಿಡುತ್ತಾರೆ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಮೋಸ ಹೋದವರು ದುಡ್ಡು ವಾಪಸ್ ಕೇಳಲು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಅಲ್ಲಿ ಸಿಗುವ ನಂಬರ್ ಎಷ್ಟೋ ಸಲ ಇನ್ನೊಬ್ಬ ಕಳ್ಳನದು. ಅವನು ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುತ್ತಾನೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್, ಅಂದರೆ ಒತ್ತಿದರೆ ಆ್ಯಪ್ ಆಗಿ ಕೂರುವ ಫೈಲ್ ಕಳಿಸುತ್ತಾನೆ. 'ರೀಫಂಡ್ ಬರಬೇಕು, ಪಿನ್ ಹಾಕಿ' ಅನ್ನುತ್ತಾನೆ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಯಾವತ್ತೂ ಬೇಡ, ಹೋಗುವುದಕ್ಕೆ ಮಾತ್ರ ಬೇಕು. ಇದೊಂದು ಮಾತು ಗೊತ್ತಿಲ್ಲದೆ ನೂರರ ಮೋಸ ಸಾವಿರಗಳಿಗೆ, ಲಕ್ಷಕ್ಕೆ ಹೋಗುತ್ತದೆ. ಆಗ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ತಡ ಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ.

ಕೊಳ್ಳುವ ಮೊದಲು ಏನು ನೋಡಬೇಕು ಅಂತ ಕೇಳಿದವರಿಗೆಲ್ಲ ಹೇಳುತ್ತೇನೆ. ವೆಬ್‌ಸೈಟ್ ವಿಳಾಸದ ಪಕ್ಕದ ಬೀಗದ ಗುರುತು ನಂಬಬೇಡಿ, ನೀವು ಕಳಿಸಿದ್ದನ್ನು ನಡುದಾರಿಯಲ್ಲಿ ಯಾರೂ ಓದಲಾರರು ಅಂತ ಅದು ಹೇಳುತ್ತದೆಯೇ ಹೊರತು ಮಾರುವವನು ಸಾಚಾ ಅಂತ ಅಲ್ಲ. ಜಿಎಸ್‌ಟಿ ನಂಬರ್ ಇದೆಯಾ ನೋಡಿ. 15 ಅಕ್ಷರ ಇರಬೇಕು, ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಬೆಂಗಳೂರು ವಿಳಾಸ ಕೊಟ್ಟು ಬೇರೆ ರಾಜ್ಯದ ನಂಬರ್ ಹಾಕಿದ್ದರೆ ಯಾಕೆ ಅಂತ ಕೇಳಿ. ಜಿಎಸ್‌ಟಿಯ ಸರ್ಕಾರಿ ತಾಣದಲ್ಲಿ ಆ ನಂಬರ್ ಹಾಕಿದರೆ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯಾ ಅಂತ ಬರುತ್ತದೆ, ಲಾಗಿನ್ ಕೂಡ ಬೇಡ. ಪವರ್ ಬ್ಯಾಂಕ್, ಚಾರ್ಜರ್ ಮೇಲೆ ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ನೋಡಬಹುದು. ಸೆಕೆಂಡ್ ಹ್ಯಾಂಡ್ ಫೋನ್ ಆದರೆ *#06# ಒತ್ತಿ, ಫೋನಿನ ಗುರುತಿನ ನಂಬರ್ ಆದ ಐಎಂಇಐ ಬರುತ್ತದೆ. ಫೋನ್ ಸಾಚಾನಾ ಅಂತ ತಿಳಿಯಲು ಮೊದಲು ಇಂಗ್ಲಿಷ್‌ನಲ್ಲಿ ಕೆವೈಎಂ (KYM) ಅಂತ, ಆಮೇಲೆ ಆ ನಂಬರ್ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿ.

ಒಂದು ಪವರ್ ಬ್ಯಾಂಕ್‌ಗೋಸ್ಕರ ಇಷ್ಟೆಲ್ಲ ಮಾಡಬೇಕಾ ಅಂತ ನಿಮಗೂ ಅನ್ನಿಸಿರಬಹುದು, ಅಲ್ವಾ? ತುರುವೇಕೆರೆಯ ಅಜ್ಜಿ, ಪಾವಗಡದ ಕೂಲಿಯವರು ಇದನ್ನು ಮಾಡೋದಿಲ್ಲ. ಎಚ್ಚರಿಕೆಯ ಹೊರೆಯನ್ನೆಲ್ಲ ಕೊಳ್ಳುವವರ ತಲೆ ಮೇಲೆ ಹಾಕಿ ನಾವು ಕೈ ತೊಳೆದುಕೊಂಡರೆ ಮೋಸಗಾರನಿಗೆ ಹಬ್ಬ. ಅದಕ್ಕೇ ಈ ಪತ್ರ ಜನರಿಗಲ್ಲ, ನಿಮಗೆ.

ಕಾನೂನು ಇಲ್ಲ ಅಂತಲ್ಲ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ತಾಣ ತನ್ನ ಕಾನೂನುಬದ್ಧ ಹೆಸರು, ಕಚೇರಿ ವಿಳಾಸ, ದೂರು ಅಧಿಕಾರಿಯ ಹೆಸರು ಮತ್ತು ನಂಬರ್ ಹಾಕಲೇಬೇಕು. ದೂರು ಬಂದ 48 ಗಂಟೆಯೊಳಗೆ ತಲುಪಿದೆ ಅನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮಾಲು ಕೆಟ್ಟಿದ್ದರೆ, ನಕಲಿ ಆಗಿದ್ದರೆ, ಹೇಳಿದಂತೆ ಇಲ್ಲದಿದ್ದರೆ ವಾಪಸ್ ತಗೊಳ್ಳೋದಿಲ್ಲ ಅನ್ನುವಂತಿಲ್ಲ. 'ನೋ ರಿಟರ್ನ್' ಅಂತ ಎಷ್ಟು ದಪ್ಪಕ್ಷರದಲ್ಲಿ ಬರೆದಿದ್ದರೂ ಅಷ್ಟೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರಿದವನು ಎಲ್ಲೇ ಇರಲಿ, ಕೊಂಡವರು ತಾವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಂಡದ್ದರ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಆದರೂ ಯಾರೂ ಹೋಗೋದಿಲ್ಲ. ಯಾಕೆ? ಒಬ್ಬೊಬ್ಬರಿಂದ ಹೋಗಿರುವುದು 799 ರೂಪಾಯಿಯಂಥ ಸಣ್ಣ ಮೊತ್ತ. ಅದಕ್ಕೆ ದೂರು, ದಾಖಲೆ, ತಾರೀಖು, ಒಂದು ದಿನದ ಕೂಲಿ ಯಾರು ಕಳೆದುಕೊಳ್ಳುತ್ತಾರೆ? 'ಹಾಳಾಗಿ ಹೋಗಲಿ ಬಿಡು' ಅನ್ನುತ್ತಾರೆ. ಮೋಸಗಾರ ಬೆಲೆ ಇಡೋದೇ ಈ ಮಾತಿನ ಲೆಕ್ಕದಲ್ಲಿ. ದೂರು ಕೊಡುವಷ್ಟು ದೊಡ್ಡದಾಗಬಾರದು, ತನಗೆ ಗಿಟ್ಟದಷ್ಟು ಚಿಕ್ಕದೂ ಆಗಬಾರದು. ಒಬ್ಬೊಬ್ಬರಾಗಿ ನೋಡಿದರೆ ಇದು ಯಾರ ಕಣ್ಣಿಗೂ ಬೀಳದ ಮೋಸ.

ಒಟ್ಟಿಗೆ ನೋಡುವ ಅಧಿಕಾರ ನಿಮ್ಮ ಕೈಯಲ್ಲಿದೆ. ಅದೇ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಗ್ರಾಹಕರಿಗೆ ಒಂದು ಗುಂಪಾಗಿ ಅನ್ಯಾಯ ಆದಾಗ, ಸುಳ್ಳು ಜಾಹೀರಾತು ಇದ್ದಾಗ, ದೂರು ಬಂದರೆ ಜಿಲ್ಲಾಧಿಕಾರಿ ತನಿಖೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ದೂರನ್ನು ನಿಮಗೇ ನೇರವಾಗಿ, ಬರಹದಲ್ಲೋ ಇಮೇಲ್‌ನಲ್ಲೋ ಕೊಡಬಹುದು ಅಂತ 17ನೇ ಸೆಕ್ಷನ್ ಹೇಳುತ್ತದೆ. ಪ್ರಾಧಿಕಾರಕ್ಕೆ ಹಲ್ಲಿಲ್ಲ ಅಂತಲೂ ಅಲ್ಲ. ಸುಳ್ಳು ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು. 2022ರಲ್ಲಿ ಗುಣಮಟ್ಟದ ನಿಯಮ ಪಾಲಿಸದ ಪ್ರೆಶರ್ ಕುಕ್ಕರ್ ಮಾರಲು ಬಿಟ್ಟಿದ್ದಕ್ಕೆ ದೊಡ್ಡ ಆನ್‌ಲೈನ್ ತಾಣಗಳ ಮೇಲೆ ತಲಾ 1 ಲಕ್ಷ ದಂಡ ಹಾಕಿ, ಕೊಂಡವರಿಗೆ ದುಡ್ಡು ವಾಪಸ್ ಕೊಡಿ ಅಂತ ಆದೇಶ ಮಾಡಿತ್ತು. ಕುಕ್ಕರ್‌ಗೆ ಆದದ್ದು ಪವರ್ ಬ್ಯಾಂಕ್‌ಗೆ ಯಾಕೆ ಆಗಬಾರದು?

ನಾನು ಕೇಳುವುದು ಹೊಸ ಯೋಜನೆಯನ್ನಲ್ಲ. ಪಾರ್ಸೆಲ್ ಮೇಲಿನ ಲೇಬಲ್‌ಗಳನ್ನು ಒಂದು ಕಡೆ ಸೇರಿಸಿ ಅಂತ ಕೇಳುತ್ತಿದ್ದೇನೆ. ವೆಬ್‌ಸೈಟ್ ಹೆಸರು ವಾರಕ್ಕೊಂದು ಬದಲಾಗಬಹುದು, ಮಾಲು ಹೊರಡುವ ಗೋದಾಮು ಅಷ್ಟು ಸುಲಭಕ್ಕೆ ಬದಲಾಗೋದಿಲ್ಲ. ಕಳಿಸಿದವರ ವಿಳಾಸ, ಕೊರಿಯರ್ ನಂಬರ್ ಲೇಬಲ್ ಮೇಲಿರುತ್ತವೆ, ಬಿಲ್ ಇಟ್ಟಿದ್ದರೆ ಜಿಎಸ್‌ಟಿ ನಂಬರ್ ಕೂಡ. ಜನ ಅದನ್ನು ಹರಿದು ಬಿಸಾಡುತ್ತಾರೆ. ಆಹಾರ ಇಲಾಖೆಯ ಹೆಸರಿನಲ್ಲೇ 'ಗ್ರಾಹಕ ವ್ಯವಹಾರ' ಇದೆಯಲ್ಲ, ಅಲ್ಲಿ ಒಂದು ವಾಟ್ಸ್‌ಆ್ಯಪ್ ನಂಬರ್ ಕೊಡಿ. ಲೇಬಲ್, ಬಿಲ್, ಜಾಹೀರಾತಿನ ಸ್ಕ್ರೀನ್‌ಶಾಟ್ ಮೂರನ್ನೂ ಅದಕ್ಕೆ ಕಳಿಸಲಿ. ಶಿರಾ, ಗುಬ್ಬಿ, ಮಧುಗಿರಿ, ಕುಣಿಗಲ್‌ನಿಂದ ಒಂದೇ ಗೋದಾಮಿನ ಲೇಬಲ್ ಬರುತ್ತಾ ಹೋದರೆ ಅದು 799 ರೂಪಾಯಿಯ ಕೇಸಾಗಿ ಉಳಿಯೋದಿಲ್ಲ. ಪಂಚಾಯಿತಿಗಳ ಅರಿವು ಕೇಂದ್ರ, ಗ್ರಾಮ ಒನ್‌ಗಳ ಗೋಡೆ ಮೇಲೆ ಆ ನಂಬರ್ ಜೊತೆ 1930, 1915 ಎರಡನ್ನೂ ಬರೆಸಿ.

ಇನ್ನೊಂದು. ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿಗೆ ನೀವೇ ಅಧ್ಯಕ್ಷರು. ಅದು ವರ್ಷಕ್ಕೆ ಕನಿಷ್ಠ ಎರಡು ಸಲ ಸೇರಬೇಕು. ಡಿಸೆಂಬರ್ 24ರ ಗ್ರಾಹಕ ದಿನಕ್ಕೆ ದೀಪ ಹಚ್ಚಿ ಭಾಷಣ ಮಾಡುವುದು ಬೇರೆ, ಈ ಸಭೆ ಬೇರೆ. ಮುಂದಿನ ಸಭೆಯ ತಾರೀಖನ್ನು ಜಿಲ್ಲೆಯ ವೆಬ್‌ಸೈಟ್‌ನಲ್ಲಿ ಹಾಕಿ. ರಿಪೇರಿ ಅಂಗಡಿಯವರು ಇಬ್ಬರು, ಪಾರ್ಸೆಲ್ ಹಂಚುವ ಹುಡುಗರು ಇಬ್ಬರನ್ನು ಕರೆಸಿ ಕೇಳಿ. ಆ ಹುಡುಗರ ತಪ್ಪೇನಿಲ್ಲ, ಬೈಸಿಕೊಳ್ಳೋದು ಮಾತ್ರ ಅವರೇ.

ನನ್ನ ಅಂಗಡಿಯಲ್ಲಿ ಬಿಚ್ಚಿದ ಪವರ್ ಬ್ಯಾಂಕ್‌ಗಳು, ಸುಳ್ಳು ಹೇಳುವ ಪೆನ್‌ಡ್ರೈವ್‌ಗಳು ಒಂದು ಡಬ್ಬಿಯಲ್ಲಿವೆ. ಒಪ್ಪಿದ ಗಿರಾಕಿಗಳ ಲೇಬಲ್‌ಗಳ ಫೋಟೋಗಳೂ ಇವೆ. ಯಾವ ಕಚೇರಿಗೆ, ಯಾರ ಹತ್ತಿರ ತರಬೇಕು ತಿಳಿಸಿ. ಭಾನುವಾರ ಬಿಟ್ಟು ಯಾವತ್ತಾದರೂ ಆಗಬಹುದು, ಅಂಗಡಿ ಬಾಗಿಲು ಹಾಕಿಕೊಂಡು ಬರುತ್ತೇನೆ.

ಇಂತಿ,
ತಿಪಟೂರಿನ ಒಬ್ಬ ಮೊಬೈಲ್ ರಿಪೇರಿಯವ