ಠಾಣೆಯಲ್ಲಿನ ಮೊದಲ 24 ಗಂಟೆ

ಮಾನ್ಯ ಸಂಪಾದಕರೇ,

ಗಡಿಯಲ್ಲಿ ಗುಂಡಿನ ಸದ್ದು ಕೇಳಿತೆಂದರೆ ಕೆಆರ್‌ಎಸ್‌ ಅಣೆಕಟ್ಟೆಯ ಕಾವಲು ಬಿಗಿಯಾಗಬೇಕು, ಮೈಸೂರು ರೈಲು ನಿಲ್ದಾಣದಲ್ಲಿ ಚೀಲಗಳ ತಪಾಸಣೆ ನಡೆಯಬೇಕು. ನೋಟು ಮುದ್ರಣಾಲಯ, ರತ್ನಹಳ್ಳಿಯ ಅಣುಶಕ್ತಿ ಇಲಾಖೆಯ ಘಟಕ, ಸೇನೆಗೆ ಆಹಾರ ಸಂಶೋಧನೆ ಮಾಡುವ ಪ್ರಯೋಗಾಲಯ ಎಲ್ಲವೂ ಇರುವ ಊರು ನಮ್ಮದು. ಸೇನಾ ವಾಹನಗಳ ಓಡಾಟವನ್ನು ವಿಡಿಯೊ ಮಾಡಿ ಹರಿಬಿಡಬಾರದು ಎಂಬುದರಲ್ಲೂ ಎರಡು ಮಾತಿಲ್ಲ. ಆದರೆ ಅದೇ ಹೊತ್ತಿನಲ್ಲಿ ಒಂದು ವಾಟ್ಸ್‌ಆ್ಯಪ್‌ ಸ್ಟೇಟಸ್‌ಗಾಗಿ ಯಾರನ್ನೋ ಠಾಣೆಗೆ ಕರೆಸಿ, ಮೊಬೈಲ್‌ ಇಟ್ಟುಕೊಂಡು, ರಾತ್ರಿಯೆಲ್ಲ ಬೆಂಚಿನ ಮೇಲೆ ಕೂರಿಸಿ, ಬೆಳಿಗ್ಗೆ ಮುಚ್ಚಳಿಕೆ ಬರೆಸಿ ಕಳಿಸಿದರೆ ಅದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಎಫ್‌ಐಆರ್‌ ಇಲ್ಲ, ದಸ್ತಗಿರಿ ಮೆಮೊ ಇಲ್ಲ, ಮಹಜರ್‌ ಇಲ್ಲ. ಯುದ್ಧದ ಕಾಲದಲ್ಲಿ ಸ್ವಾತಂತ್ರ್ಯ ಹೆಚ್ಚಾಗಿ ಸೋರಿಹೋಗುವುದು ಹೀಗೆ ಬರೆಯದೇ ಬಿಟ್ಟ ಕಾಗದಗಳ ಸಂದಿಯಲ್ಲೇ.

‘ಯುದ್ಧ ಮುಗಿಯಲಿ, ಆಮೇಲೆ ಹಕ್ಕಿನ ಮಾತು’ ಎನ್ನುವವರು 1962ನ್ನು ನೆನೆಯಬೇಕು. ಚೀನಾ ಜೊತೆಗಿನ ಯುದ್ಧ ನಡೆದದ್ದು ಅಕ್ಟೋಬರ್‌ 20ರಿಂದ ನವೆಂಬರ್‌ 21ರವರೆಗೆ, ಬರೀ ಒಂದು ತಿಂಗಳು. ಅದಕ್ಕಾಗಿ ಅಕ್ಟೋಬರ್‌ 26ರಂದು ಘೋಷಿಸಿದ ತುರ್ತು ಪರಿಸ್ಥಿತಿ ತೆರವಾದದ್ದು 1968ರ ಜನವರಿ 10ಕ್ಕೆ. ಚೀನೀ ಮೂಲದವರೆಂಬ ಒಂದೇ ಕಾರಣಕ್ಕೆ ಸುಮಾರು 3,000 ಜನರನ್ನು ರಾಜಸ್ಥಾನದ ದೇವಲಿ ಶಿಬಿರದಲ್ಲಿ ಕೂಡಿಹಾಕಲಾಯಿತು. ಯುದ್ಧ ನಿಂತು ವರ್ಷಗಳಾದರೂ ಕೆಲವರಿಗೆ ಬಿಡುಗಡೆ ಸಿಗಲಿಲ್ಲ. 1971ರ ಡಿಸೆಂಬರ್‌ 3ರಂದು ಪಾಕಿಸ್ತಾನ ಯುದ್ಧಕ್ಕಾಗಿ ಹೊರಡಿಸಿದ ಘೋಷಣೆಯೂ ಹಾಗೇ ಉಳಿದು, ಅದರ ಮೇಲೆ 1975ರ ತುರ್ತು ಪರಿಸ್ಥಿತಿ ಬಂದು ಕೂತಿತು. ಎರಡೂ ಹೋದದ್ದು 1977ರ ಮಾರ್ಚ್‌ನಲ್ಲಿ.

ಆ ಕಾಲದಲ್ಲಿ ನಮ್ಮ ಹೈಕೋರ್ಟ್‌ ಬೆನ್ನು ಬಗ್ಗಿಸಲಿಲ್ಲ ಎಂಬುದನ್ನು ಹೆಮ್ಮೆಯಿಂದಲೇ ಹೇಳಬೇಕು. ಬೆಂಗಳೂರು ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರ, ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ ಹೇಬಿಯಸ್‌ ಕಾರ್ಪಸ್‌ ಅರ್ಜಿಗಳು ವಿಚಾರಣೆಗೆ ಅರ್ಹ ಎಂದು ಅದು ಹೇಳಿತು. 1976ರ ಏಪ್ರಿಲ್‌ 28ರಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಅಂಥ ತೀರ್ಪುಗಳನ್ನೆಲ್ಲ ತಳ್ಳಿಹಾಕಿದರು, ಎಚ್‌.ಆರ್‌. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತಪ್ಪನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಅಳಿಸಿದ್ದು 2017ರ ಆಗಸ್ಟ್‌ 24ರಂದು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್‌. ಪುಟ್ಟಸ್ವಾಮಿ.

ಈ ನಡುವೆ 1978ರಲ್ಲಿ ಸಂವಿಧಾನದ 44ನೇ ತಿದ್ದುಪಡಿ ಬಂತು. ತುರ್ತು ಪರಿಸ್ಥಿತಿ ಘೋಷಣೆಯಾದರೂ 20ನೇ ವಿಧಿಯನ್ನು (ಅನ್ಯಾಯದ ಶಿಕ್ಷೆಯಿಂದ ರಕ್ಷಣೆ) ಮತ್ತು 21ನೇ ವಿಧಿಯನ್ನು (ಜೀವ, ಸ್ವಾತಂತ್ರ್ಯದ ಹಕ್ಕು) ಈಗ ಅಮಾನತಿನಲ್ಲಿ ಇಡುವಂತಿಲ್ಲ. 1999ರ ಕಾರ್ಗಿಲ್‌ ಸಮಯದಲ್ಲಾಗಲಿ, 2025ರ ಮೇ ತಿಂಗಳಿನಲ್ಲಾಗಲಿ ಅಂಥ ಘೋಷಣೆಯೇ ಆಗಿರಲಿಲ್ಲ. ಅಂದರೆ ಆ ದಿನಗಳಲ್ಲಿ ಠಾಣಾಧಿಕಾರಿಗೆ ಇದ್ದದ್ದು ದಸರಾ ದಿನವೋ ಸಂಕ್ರಾಂತಿ ದಿನವೋ ಇರುವಷ್ಟೇ ಅಧಿಕಾರ, ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಆ ಅಧಿಕಾರ ಎಷ್ಟು? ಫೋನ್‌ನಲ್ಲಿ ‘ಸುಮ್ಮನೆ ಬಂದು ಹೋಗಿ’ ಎನ್ನುವುದಕ್ಕೆ ಕಾನೂನಿನ ಬಲವಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯಂತೆ ಸಾಕ್ಷಿಯಾದರೆ ಕಲಂ 179ರ ಲಿಖಿತ ಆದೇಶ ಬೇಕು, ಆರೋಪಿಯಾದರೆ ಕಲಂ 35(3)ರ ನೋಟಿಸ್‌ ಬೇಕು. ಮಹಿಳೆಯರನ್ನು, 60 ದಾಟಿದವರನ್ನು, 15ರೊಳಗಿನವರನ್ನು ಸಾಕ್ಷಿಯಾಗಿ ಠಾಣೆಗೆ ಬರಹೇಳುವಂತಿಲ್ಲ. ಅವರ ಮನೆಗೇ ಹೋಗಿ ಕೇಳಬೇಕು. 35(3)ರ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಸಾಲದು ಎಂದು ಸುಪ್ರೀಂ ಕೋರ್ಟ್‌ 2025ರ ಜನವರಿಯಲ್ಲಿ ಹೇಳಿದೆ. ನ್ಯಾಯ ಸಂಹಿತೆಯಡಿ ದ್ವೇಷ ಹರಡಿದ (ಕಲಂ 196), ಸುಳ್ಳು ಸುದ್ದಿ ಹಬ್ಬಿಸಿದ (ಕಲಂ 353) ಆರೋಪಗಳಿಗೆ ಸಾಮಾನ್ಯವಾಗಿ ಮೂರು ವರ್ಷದವರೆಗೆ ಶಿಕ್ಷೆ. ಇಂಥವುಗಳಲ್ಲಿ ನೋಟಿಸ್‌ ಕೊಡುವುದೇ ನಿಯಮ, ದಸ್ತಗಿರಿ ಮಾಡಿದರೆ ಏಕೆಂದು ಬರೆದಿಡಬೇಕು. ಎಡವುವುದು ಇಲ್ಲಿಯೇ: ದೇಶದ ಅಖಂಡತೆಗೆ ಅಪಾಯ ತರುವ ಕೃತ್ಯಕ್ಕೆ ಜೀವಾವಧಿಯವರೆಗೆ ಶಿಕ್ಷೆಯಿರುವ ಅದೇ ನ್ಯಾಯ ಸಂಹಿತೆಯ ಕಲಂ 152 ಅನ್ನು ಜೊತೆಗೆ ಸೇರಿಸಿಬಿಟ್ಟರೆ ನೋಟಿಸಿನ ಗೊಡವೆಯೇ ಇರುವುದಿಲ್ಲ. ಸರ್ಕಾರವನ್ನು ಟೀಕಿಸಿದ ಒಂದು ಪೋಸ್ಟ್‌ ದೇಶದ ಅಖಂಡತೆಗೆ ಹೇಗೆ ಅಪಾಯ ಎಂಬುದನ್ನು ಎಫ್‌ಐಆರ್‌ನಲ್ಲೇ ಬಿಡಿಸಿ ಬರೆಯುವಂತೆ ಮೇಲಧಿಕಾರಿಗಳು ಒತ್ತಾಯಿಸಿದರೆ ಅರ್ಧ ದುರ್ಬಳಕೆ ನಿಲ್ಲುತ್ತದೆ. ಮಾತು, ಬರಹದ ಪ್ರಕರಣಗಳಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷದೊಳಗಿದ್ದರೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಿ, ಆಮೇಲೆ ಎಫ್‌ಐಆರ್‌ ಬಗ್ಗೆ ಯೋಚಿಸುವುದೇ ಸರಿಯೆಂದು 2025ರ ಮಾರ್ಚ್‌ 28ರ ಸುಪ್ರೀಂ ತೀರ್ಪು ಹೇಳುತ್ತದೆ.

ದಸ್ತಗಿರಿಯೇ ಆಯಿತೆನ್ನಿ. ಮೆಮೊಗೆ ಮನೆಯವರೋ ಆ ಭಾಗದ ಗಣ್ಯರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಬಂಧುವಿಗೆ ಅಥವಾ ಗೆಳೆಯರಿಗೆ ತಿಳಿಸಬೇಕು. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ನಿಯೋಜಿತ ಅಧಿಕಾರಿಯ ಬಳಿ ಬಂಧಿತರ ಮಾಹಿತಿ ಇರಬೇಕೆಂದು ಸುರಕ್ಷಾ ಸಂಹಿತೆಯ ಕಲಂ 37 ಹೇಳುತ್ತದೆ. ಠಾಣೆಯಿಂದ ಠಾಣೆಗೆ ಅಲೆಯುವ ತಾಯಿ ಮೊದಲು ಕೇಳಬೇಕಾದದ್ದು ಈ ಅಧಿಕಾರಿಯನ್ನು. ವಿಚಾರಣೆ ವೇಳೆ ವಕೀಲರನ್ನು ಕಾಣುವ ಹಕ್ಕಿದೆ, ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮೆಮೊದಲ್ಲಿ ಸಂಜೆ 6 ಎಂದು ಬರೆದಿದ್ದು, ಕರೆತಂದದ್ದು ಹಿಂದಿನ ರಾತ್ರಿಯಾಗಿದ್ದರೆ ಆ ಗಡುವು ಮುರಿದಂತೆಯೇ. ಅದಕ್ಕೇ ಮನೆಯವರು ಕರೆದೊಯ್ದ ಗಳಿಗೆಯನ್ನು ಒಂದು ಚೀಟಿಯಲ್ಲಾದರೂ ಬರೆದಿಡಬೇಕು, ಠಾಣೆಯ ಸಿಸಿಟಿವಿ ದೃಶ್ಯ ಕಾಪಾಡುವಂತೆ ಮೊದಲ ದಿನವೇ ಅರ್ಜಿ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ದಸ್ತಗಿರಿಯ ಆಧಾರಗಳನ್ನು ಬರಹದಲ್ಲಿ ಕೊಡುವುದು. ‘ತನಿಖೆಗೆ ಅಗತ್ಯ’, ‘ಸಾಕ್ಷ್ಯ ನಾಶ ತಡೆಯಲು’ ಎಂಬ ಅಚ್ಚು ಮಾತುಗಳು ಎಲ್ಲ ಆರೋಪಿಗಳಿಗೂ ಹೊಂದುವ ಕಾರಣಗಳು. ಆಧಾರ ಎಂದರೆ ಈ ವ್ಯಕ್ತಿ ಯಾವ ದಿನ ಏನು ಮಾಡಿದ ಎಂಬ ವಿವರ. 2023ರಲ್ಲಿ ಅಕ್ರಮ ಹಣ ವರ್ಗಾವಣೆ ಪ್ರಕರಣವೊಂದರಲ್ಲಿ, 2024ರ ಮೇ 15ರಂದು ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ ಇದೇ ಲೋಪಕ್ಕೆ ದಸ್ತಗಿರಿಯನ್ನು ರದ್ದು ಮಾಡಿತು. 2025ರ ನವೆಂಬರ್‌ನಲ್ಲಿ ಈ ನಿಯಮವನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ತೀರಾ ತಡವೆಂದರೂ ರಿಮಾಂಡ್‌ಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಅದು ಅವನ ಕೈ ಸೇರಬೇಕೆಂದಿತು. ಮದ್ದೂರಿನ ರೈತನಿಗೆ ಇಂಗ್ಲಿಷ್‌ ಹಾಳೆ ಕೊಟ್ಟು ಹೆಬ್ಬೆಟ್ಟು ಒತ್ತಿಸಿದರೆ ಅದು ಕೊಟ್ಟಂತಲ್ಲ. ಒಂದು ಪುಟದ ಈ ಕಾಗದದಿಂದ ದೇಶದ ಭದ್ರತೆಗೆ ಕುಂದಿಲ್ಲ. ಅದನ್ನು ಬರೆಯದಿದ್ದರೆ ನಿಜವಾಗಿಯೂ ಗೂಢಚಾರಿಕೆ ಮಾಡಿದವನು ಅದೇ ಲೋಪ ಹಿಡಿದು ಹೊರಗೆ ನಡೆಯುತ್ತಾನೆ, ಇದನ್ನು ತನಿಖಾಧಿಕಾರಿಗಳು ದಯವಿಟ್ಟು ಗಮನಿಸಬೇಕು.

ಮೊಬೈಲ್‌ ವಿಷಯ ಇನ್ನೂ ಸೂಕ್ಷ್ಮ. ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು (ಸುರಕ್ಷಾ ಸಂಹಿತೆಯ ಕಲಂ 105). ಮಹಜರಿನಲ್ಲಿ ಮಾಡೆಲ್‌, ಐಎಂಇಐ ಸಂಖ್ಯೆ, ಸಿಮ್‌, ಫೋನ್‌ ಲಾಕ್‌ ಆಗಿತ್ತೋ ಇಲ್ಲವೋ ಎಂಬುದು ಬರಬೇಕು. ನೆಟ್‌ವರ್ಕ್‌ನಿಂದ ಬಿಡಿಸಿ ಮೊಹರು ಹಾಕಬೇಕು, ಪ್ರತಿ ತೆಗೆಯುವಾಗ ಹ್ಯಾಶ್‌ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ದಾಖಲಾಗಬೇಕು. ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರದಲ್ಲಿ ಅದಕ್ಕೊಂದು ಅಂಕಣವೇ ಇದೆ. ಠಾಣೆಯಲ್ಲಿ ಗ್ಯಾಲರಿ, ಚಾಟ್‌ ತೆರೆದು ಬೆರಳಾಡಿಸಿದರೆ ಕಡತಗಳ ಸಮಯದ ಗುರುತುಗಳು ಬದಲಾಗುತ್ತವೆ, ಸಾಕ್ಷ್ಯ ಅಲ್ಲಿಗೇ ಕೆಡುತ್ತದೆ. ತುರ್ತು ಸಂದರ್ಭ ಬಿಟ್ಟರೆ ಫೋನ್‌ ಶೋಧಕ್ಕೆ ವಾರಂಟ್‌ ಬೇಕೆಂದು ಕರ್ನಾಟಕ ಹೈಕೋರ್ಟ್‌ 2021ರಲ್ಲೇ ಹೇಳಿದೆ. ಇನ್ನು, ಗುಂಪೊಂದು ಮನೆ ಮುಂದೆ ನೆರೆದು ಕ್ಷಮೆ ಕೇಳುವ ವಿಡಿಯೊ ಮಾಡಿಸುವುದಿದೆಯಲ್ಲ, ಅದು ಬೆದರಿಕೆಯ ಅಪರಾಧ. ಪೊಲೀಸರು ಅಲ್ಲಿ ಪ್ರೇಕ್ಷಕರಾಗಿ ನಿಲ್ಲಬಾರದು.

ನಿಷೇಧಾಜ್ಞೆಯ ಬಗ್ಗೆ ಸ್ವಲ್ಪ. ಸುರಕ್ಷಾ ಸಂಹಿತೆಯ ಕಲಂ 163ರ ಆದೇಶ ಎರಡು ತಿಂಗಳು ಮೀರುವಂತಿಲ್ಲ, ರಾಜ್ಯ ಸರ್ಕಾರ ಮಾತ್ರ ಮುಂದುವರಿಸಬಹುದು. ಅದರಿಂದ ತೊಂದರೆಗೊಳಗಾದ ಯಾರೇ ಆಗಲಿ ಆದೇಶ ಹೊರಡಿಸಿದವರಿಗೇ ಅರ್ಜಿ ಕೊಡಬಹುದು; ಅವರು ಅಹವಾಲು ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಈ ದಾರಿ ಹಿಡಿಯುವವರು ತೀರಾ ಕಡಿಮೆ. 2019ರ ಡಿಸೆಂಬರ್‌ನ ಬೆಂಗಳೂರು ನಿಷೇಧಾಜ್ಞೆಯನ್ನು ಹೈಕೋರ್ಟ್‌ ಮುಂದಿನ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದಿತ್ತು. ಆ ಹೊತ್ತಿಗೆ ಆದೇಶದ ದಿನಗಳು ಮುಗಿದಿದ್ದವು. ಇಂಟರ್‌ನೆಟ್‌ ಕಡಿತಕ್ಕೂ ಕಾರಣಸಹಿತ ಆದೇಶ ಪ್ರಕಟವಾಗಲೇಬೇಕೆಂದು 2020ರ ಜನವರಿ 10ರ ಸುಪ್ರೀಂ ತೀರ್ಪು ವಿಧಿಸಿದೆ.

ಮೈಸೂರಿನಲ್ಲಿ ಓದುವ ಹೊರರಾಜ್ಯ, ಹೊರದೇಶದ ವಿದ್ಯಾರ್ಥಿಗಳಿಗೂ ಬೈಲಕುಪ್ಪೆಯ ಟಿಬೆಟನ್ನರಿಗೂ ಒಂದು ಮಾತು. ಮಾತಿನ ಸ್ವಾತಂತ್ರ್ಯ ಕೊಡುವ 19ನೇ ವಿಧಿ ನಾಗರಿಕರಿಗೆ ಮಾತ್ರ. 21 ಎಲ್ಲ ವ್ಯಕ್ತಿಗಳಿಗೂ ಸಲ್ಲುತ್ತದೆ. 22ನೇ ವಿಧಿಯ 24 ಗಂಟೆಯ ರಕ್ಷಣೆ ತಪ್ಪುವುದು ಶತ್ರುದೇಶದ ಪ್ರಜೆಗೆ ಮತ್ತು ಮುನ್ನೆಚ್ಚರಿಕೆ ಬಂಧನದಲ್ಲಿರುವವರಿಗೆ ಮಾತ್ರ.

ಮೈಸೂರು ನಗರ ಪೊಲೀಸ್‌ ಆಯುಕ್ತರಲ್ಲಿ, ಮೈಸೂರು, ಮಂಡ್ಯ ಜಿಲ್ಲೆಗಳ ಜಿಲ್ಲಾಧಿಕಾರಿ ಮತ್ತು ಎಸ್‌ಪಿಯವರಲ್ಲಿ ನಮ್ಮ ಕೋರಿಕೆ ಇಷ್ಟೇ: ದಸ್ತಗಿರಿಯ ಆಧಾರ ಬರೆಯುವ ಕನ್ನಡ ನಮೂನೆಯೊಂದನ್ನು, ಖಾಲಿ ಸಾಲುಗಳೊಂದಿಗೆ, ಅಚ್ಚು ಮಾತುಗಳಿಲ್ಲದೆ, ಎಲ್ಲ ಠಾಣೆಗಳಿಗೂ ಕಳಿಸಿ. ನಿಷೇಧಾಜ್ಞೆ ಹೊರಡಿಸಿದ ದಿನವೇ ಅದರ ಪೂರ್ಣ ಪಾಠವನ್ನು ಕನ್ನಡದಲ್ಲಿ ಜಾಲತಾಣದಲ್ಲಿ ಹಾಕಿ, ತಾಲ್ಲೂಕು ಕಚೇರಿಗಳಲ್ಲಿ ಅಂಟಿಸಿ. ಬಂಧನದಲ್ಲಿರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ 15100 ಸಂಖ್ಯೆಯನ್ನು ಪ್ರತಿ ಠಾಣೆಯ ಬಾಗಿಲಲ್ಲಿ, ಒಳಗೆ ಕೂತವನ ಕಣ್ಣಿಗೂ ಬೀಳುವಷ್ಟು ದೊಡ್ಡದಾಗಿ ಬರೆಸಿ.

— ಕೆಲವು ವಕೀಲರು, ಮೈಸೂರು ಮತ್ತು ಮಂಡ್ಯ